ತೂಕವೋ, ಹೆಸರೋ? ಹಾಲೆಂಡಿನ ಹಳೆಯ ಬೆಳ್ಳಿ ಪಾತ್ರೆಗಳ ಕಥೆ

ಬೆಳ್ಳಿಯನ್ನು ನಾವು ಎರಡು ಬಗೆಯಲ್ಲಿ ನೋಡುತ್ತೇವೆ. ಅಂಗಡಿಯ ತಕ್ಕಡಿಯ ಮೇಲಿಟ್ಟಾಗ ಅದು ಇಷ್ಟು ಗ್ರಾಂ, ಇಷ್ಟು ರೂಪಾಯಿ. ಅದೇ ಬೆಳ್ಳಿ ಮಗುವಿನ ದೀಕ್ಷಾಸ್ನಾನದ ದಿನ ಅಜ್ಜಿ ಕೊಟ್ಟ ಲೋಟವಾಗಿ ಕಪಾಟಿನಲ್ಲಿದ್ದರೆ ಅದರ ತೂಕವನ್ನು ಯಾರೂ ಕೇಳುವುದಿಲ್ಲ. ಮನೆಗೆ ಕಷ್ಟ ಬಂದ ದಿನ ಮಾತ್ರ ಈ ಎರಡು ನೋಟಗಳ ನಡುವೆ ಜಗಳ ಹುಟ್ಟುತ್ತದೆ. ಮಾರಬೇಕೋ, ಇಟ್ಟುಕೊಳ್ಳಬೇಕೋ? ಲೋಹವನ್ನು ನೋಡಬೇಕೋ, ಅದರ ಮೇಲಿನ ಹೆಸರನ್ನು ನೋಡಬೇಕೋ?

ಪ್ರಿಯ ಓದುಗರೇ, ಇದೇ ಜಗಳ ಒಂದು ಇಡೀ ದೇಶದಲ್ಲಿ ನಾಲ್ಕು ನೂರು ವರ್ಷ ನಡೆದ ಕಥೆಯನ್ನು ಈ ಸಲ ನಿಮ್ಮ ಮುಂದಿಡಲು ಬಯಸುತ್ತೇವೆ. ಆ ದೇಶ ಹಾಲೆಂಡ್, ಅಂದರೆ ನೆದರ್ಲ್ಯಾಂಡ್ಸ್. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದುವಾಗ ಆ ನಾಡಿನ ಬಗ್ಗೆ ನಾವು ಓದಿದ್ದು ಬಹುತೇಕ ಮತಸುಧಾರಣೆಯ ಗಲಾಟೆಯ ಪುಟಗಳನ್ನು ಮಾತ್ರ. ಅಲ್ಲಿನ ಊಟದ ಮೇಜಿನ ಚರಿತ್ರೆಯನ್ನು ಓದಿದ್ದು ಬಹಳ ತಡವಾಗಿ. ಚಮಚ, ಬಟ್ಟಲು, ಹೂಜಿಗಳು ಒಂದು ಜನಾಂಗದ ಪುಣ್ಯವನ್ನೂ ಪಾಪವನ್ನೂ ಇಷ್ಟು ನಿಖರವಾಗಿ ಬರೆದಿಡುತ್ತವೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಬೆಳ್ಳಿ ಬಂದದ್ದು ಎಲ್ಲಿಂದ?

ಹಾಲೆಂಡಿನಲ್ಲಿ ಬೆಳ್ಳಿಯ ಗಣಿಗಳಿಲ್ಲ. ಆ ಬೆಳ್ಳಿಯ ಬಹುಪಾಲು ಬಂದದ್ದು ದಕ್ಷಿಣ ಅಮೆರಿಕದಿಂದ. 1545ರಲ್ಲಿ ಇಂದಿನ ಬೊಲಿವಿಯಾದ ಪೊಟೊಸಿ ಬೆಟ್ಟದಲ್ಲಿ ಸ್ಪೇನಿನವರಿಗೆ ಬೆಳ್ಳಿಯ ಭಾರೀ ನಿಕ್ಷೇಪ ಸಿಕ್ಕಿತು. ಅಲ್ಲಿನ ಮೂಲನಿವಾಸಿಗಳನ್ನು ಬಿಟ್ಟಿ ದುಡಿಮೆಯ ಪದ್ಧತಿಯಲ್ಲಿ ಸರದಿಯಂತೆ ಗಣಿಗೆ ಇಳಿಸಲಾಗುತ್ತಿತ್ತು. ಲೆಕ್ಕಕ್ಕೆ ಸಿಗದಷ್ಟು ಜನ ಅಲ್ಲಿ ಪ್ರಾಣ ಕಳೆದುಕೊಂಡರು. ಆ ಬೆಳ್ಳಿ ನಾಣ್ಯವಾಗಿ ಸ್ಪೇನಿಗೆ ಬಂದು, ಅಲ್ಲಿಂದ ವ್ಯಾಪಾರದ ಮೂಲಕ ಆಮ್‌ಸ್ಟರ್‌ಡ್ಯಾಮಿಗೆ ಹರಿಯಿತು. ಕೆಲವೊಮ್ಮೆ ಯುದ್ಧದ ಮೂಲಕವೂ ಬಂತು. 1628ರಲ್ಲಿ ಪೀಟ್ ಹೈನ್ ಎಂಬ ಡಚ್ ನೌಕಾಧಿಪತಿ ಕ್ಯೂಬಾದ ಮಟಾನ್ಸಸ್ ಕೊಲ್ಲಿಯಲ್ಲಿ ಸ್ಪೇನಿನ ಬೆಳ್ಳಿ ಹಡಗುಗಳನ್ನೇ ಹಿಡಿದು ತಂದನು. ಅದರ ಬೆಲೆ 1 ಕೋಟಿ 10 ಲಕ್ಷ ಗಿಲ್ಡರುಗಳಿಗಿಂತ ಹೆಚ್ಚು ಎಂದು ಅಂದಾಜು. ಮೇಜಿನ ಮೇಲೆ ಹೊಳೆಯುವ ಪಾತ್ರೆಯನ್ನು ಮೆಚ್ಚುವ ಮೊದಲು ಈ ಮಾತನ್ನು ಹೇಳಿಬಿಡುವುದು ನ್ಯಾಯ.

ಈ ಬೆಳ್ಳಿಯಲ್ಲಿ ಒಂದು ಪಾಲು ನಮ್ಮ ಕಡೆಗೂ ಬಂತು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಬಳಿ ಏಷ್ಯಾದ ಜನ ಬಯಸುವಂಥ ಸರಕು ಹೆಚ್ಚಿರಲಿಲ್ಲ. ಆದ್ದರಿಂದ ಅವರು ಪೆಟ್ಟಿಗೆಗಟ್ಟಲೆ ಬೆಳ್ಳಿ ನಾಣ್ಯ ತಂದು ಮೆಣಸು, ಬಟ್ಟೆ ಕೊಳ್ಳುತ್ತಿದ್ದರು. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರಿನಲ್ಲಿ ಅವರ ವ್ಯಾಪಾರದ ಕೋಠಿಯಿತ್ತು. ಅಲ್ಲಿಂದ ಅಕ್ಕಿ, ಮೆಣಸು ಹಡಗು ಏರುತ್ತಿದ್ದವು. ನಾಣ್ಯವಷ್ಟೇ ಅಲ್ಲ, ಬೆಳ್ಳಿಯ ಸಾಮಾನುಗಳನ್ನೂ ಭಾರತದಲ್ಲಿ ಮಾರುವ ಯೋಚನೆ ಅವರಿಗಿತ್ತು. 1629ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ತೀರದ ಬಂಡೆಗಳಿಗೆ ಬಡಿದು ಒಡೆದ ‘ಬಟಾವಿಯಾ’ ಹಡಗಿನಲ್ಲಿ ಮೊಘಲ್ ದರಬಾರಿಗಾಗಿ ಮಾಡಿಸಿದ ಬೆಳ್ಳಿಯ ಸಾಮಾನುಗಳಿದ್ದವು. ಅವನ್ನು ಕೊಳ್ಳುವನೆಂದು ನಿರೀಕ್ಷಿಸಿದ್ದ ಜಹಾಂಗೀರ್ ಬಾದಶಹ ಅಷ್ಟರಲ್ಲಿ, 1627ರಲ್ಲೇ, ತೀರಿಕೊಂಡಿದ್ದನು.

ಊಟದ ಮೇಜಿನ ಮೇಲೆ

ಹಾಲೆಂಡಿನಲ್ಲಿಯೇ ಉಳಿದ ಬೆಳ್ಳಿ ಏನಾಯಿತು? ಅಲ್ಲಿ ದೊಡ್ಡ ಅರಮನೆಗಳು ಕಡಿಮೆ, ಅನುಕೂಲಸ್ಥ ಮನೆಗಳು ಹೆಚ್ಚು. ವ್ಯಾಪಾರಿ, ಹಡಗಿನ ಕಪ್ತಾನ, ಹಾಲು ಬೆಣ್ಣೆಯಿಂದ ಶ್ರೀಮಂತನಾದ ರೈತ, ಇವರೆಲ್ಲರೂ ಒಂದಿಷ್ಟು ಬೆಳ್ಳಿಯನ್ನು ಪಾತ್ರೆಯ ರೂಪದಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದು ಅವರ ಉಳಿತಾಯವೂ ಹೌದು, ಹಬ್ಬದ ದಿನದ ಗೌರವವೂ ಹೌದು. ಉಪ್ಪಿನ ಬಟ್ಟಲು, ನೀಳವಾದ ಲೋಟ, ಸಕ್ಕರೆ ಉದುರಿಸುವ ಡಬ್ಬಿ, ಮುಂದೆ ಚಹಾ ಮತ್ತು ಕಾಫಿ ಬಂದ ಮೇಲೆ ಅವುಗಳ ಪಾತ್ರೆಗಳು ಒಂದೊಂದಾಗಿ ಮನೆ ಸೇರಿದವು.

ಎಲ್ಲಕ್ಕಿಂತ ಹತ್ತಿರದ್ದು ಚಮಚ. ಮಗು ಹುಟ್ಟಿದರೆ ಹೆಸರು ಮತ್ತು ಹುಟ್ಟಿದ ದಿನಾಂಕ ಕೆತ್ತಿದ ಬೆಳ್ಳಿ ಚಮಚ ಕೊಡುತ್ತಿದ್ದರು. ಮದುವೆಗೂ ಚಮಚ. ಕೆಲವು ಕಡೆ ಸತ್ತವರ ಹೆಸರು, ತಾರೀಖು ಕೆತ್ತಿಸಿ ನೆನಪಿನ ಚಮಚ ಮಾಡಿಸುವ ಪದ್ಧತಿಯೂ ಇತ್ತು. ಹಿಡಿಯ ತುದಿಯಲ್ಲಿ ಪ್ರೇಷಿತರೊಬ್ಬರ ಪುಟ್ಟ ಪ್ರತಿಮೆ ಇರುವ ಚಮಚಗಳೂ ಸಿಗುತ್ತವೆ. ಹೀಗೆ ಒಂದು ಮನೆಯ ಚಮಚಗಳನ್ನು ಸಾಲಾಗಿ ಇಟ್ಟರೆ ಅದು ನಮ್ಮ ಧರ್ಮಕೇಂದ್ರದ ದಾಖಲೆ ಪುಸ್ತಕದ ಹಾಗೆ: ಜನನ, ವಿವಾಹ, ಮರಣ.

ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಬ್ರಾಂದಿ ಬಟ್ಟಲು ಎಂಬುದೊಂದಿತ್ತು. ಎರಡು ಕಡೆ ಹಿಡಿಯಿರುವ, ಹೆಚ್ಚು ಆಳವಿಲ್ಲದ ಅಂಡಾಕಾರದ ಬೆಳ್ಳಿ ಬಟ್ಟಲು. ಬಾಣಂತಿಯನ್ನು ನೋಡಲು ಬಂದ ನೆಂಟರು, ಮದುವೆಗೆ ಬಂದ ಅತಿಥಿಗಳು ವೃತ್ತವಾಗಿ ಕೂತು, ಬ್ರಾಂದಿಯಲ್ಲಿ ನೆನೆಸಿದ ಒಣದ್ರಾಕ್ಷಿಯನ್ನು ಒಂದೇ ಚಮಚದಿಂದ ಸರದಿಯ ಮೇಲೆ ತಿಂದು ಪಕ್ಕದವರಿಗೆ ದಾಟಿಸುತ್ತಿದ್ದರು. ಒಂದೇ ಬಟ್ಟಲು, ಒಂದೇ ಚಮಚ. ಅದನ್ನು ಹಂಚಿಕೊಂಡವರು ಆ ಮನೆಯ ಸಂತೋಷದಲ್ಲಿ ಪಾಲುದಾರರು.

ಇನ್ನೊಂದು ಪಾತ್ರೆಯ ಹೆಸರು ‘ನೆಲಮಾಳಿಗೆಯಲ್ಲಿರುವ ಪುಟ್ಟ ಹಾನ್ಸ್’. ಅದರ ನಡುವೆ ಒಂದು ಗುಮ್ಮಟ. ಪಾತ್ರೆಗೆ ದ್ರಾಕ್ಷಾರಸ ಹೊಯ್ದಂತೆ ಗುಮ್ಮಟದೊಳಗಿಂದ ಒಂದು ಪುಟ್ಟ ಮಗುವಿನ ಗೊಂಬೆ ತೇಲಿ ಮೇಲೆ ಬರುತ್ತದೆ. ಮನೆಯ ಸೊಸೆ ಗರ್ಭಿಣಿ ಎಂಬ ಸುದ್ದಿಯನ್ನು ಬಂಧುಗಳಿಗೆ ತಿಳಿಸಿ, ತಾಯಿ ಮಗುವಿಗೆ ಶುಭ ಹಾರೈಸಿ ಕುಡಿಯಲು ಈ ಪಾತ್ರೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಸುದ್ದಿಯನ್ನು ಗೊಂಬೆಯೇ ಹೇಳಿಬಿಡುತ್ತಿತ್ತು!

ಗಾಳಿಗಿರಣಿಯ ಲೋಟ ಇನ್ನೂ ತಮಾಷೆಯದು. ಲೋಟದ ತಳಕ್ಕೆ ಬೆಳ್ಳಿಯ ಪುಟ್ಟ ಗಾಳಿಗಿರಣಿ ಅಂಟಿಸಿರುತ್ತಾರೆ. ಆದ್ದರಿಂದ ತುಂಬಿದ ಲೋಟವನ್ನು ಕೆಳಗೆ ಇಡುವಂತಿಲ್ಲ. ಒಂದು ಸಣ್ಣ ಕೊಳವೆಯಲ್ಲಿ ಊದಿದರೆ ಗಿರಣಿಯ ರೆಕ್ಕೆಗಳು ತಿರುಗುತ್ತವೆ. ಅವು ನಿಲ್ಲುವುದರೊಳಗೆ ಲೋಟ ಖಾಲಿಯಾಗಬೇಕು. ಸೋತವರಿಗೆ ಎಷ್ಟು ದಂಡವೆಂದು ತೋರಿಸಲು ಗಿರಣಿಯ ಗೋಡೆಯ ಮೇಲೆ ಗಡಿಯಾರದಂಥ ಒಂದು ಮುಳ್ಳು. ಗಂಭೀರ ಕ್ಯಾಲ್ವಿನ್ ಪಂಥದವರ ನಾಡು ಎಂದು ನಾವು ಓದಿದ್ದ ದೇಶ ಇದೇ.

ಸಂತ ಎಲಿಜಿಯುಸ್ ಮತ್ತು ಸಿಂಹದ ಮುದ್ರೆ

ಅಪ್ಪಟ ಬೆಳ್ಳಿ ಮೆತ್ತಗೆ. ಗಟ್ಟಿಯಾಗಲು ತಾಮ್ರ ಬೆರೆಸಬೇಕು. ಎಷ್ಟು ಬೆರೆಸಿದ್ದಾರೆ ಎಂಬುದು ಕೊಳ್ಳುವವರ ಕಣ್ಣಿಗೆ ಕಾಣುವುದಿಲ್ಲ. ಮೋಸ ನುಸುಳುವುದು ಇಲ್ಲಿಯೇ.

ಅಕ್ಕಸಾಲಿಗರ ಪಾಲಕ ಸಂತ ಎಲಿಜಿಯುಸ್. 7ನೇ ಶತಮಾನದಲ್ಲಿ ಫ್ರಾನ್ಸಿನ ನೊಯೊನಿನ ಧರ್ಮಾಧ್ಯಕ್ಷರಾಗಿದ್ದರು. ಡಿಸೆಂಬರ್ 1 ಅವರ ಹಬ್ಬ. ಅದಕ್ಕೂ ಮೊದಲು ಅವರು ಅಕ್ಕಸಾಲಿಗರು. ಅರಸ ಎರಡನೆಯ ಕ್ಲೋಟೇರ್ ಒಂದು ಸಿಂಹಾಸನ ಮಾಡಲು ಬಂಗಾರ ಕೊಟ್ಟಾಗ, ಅದರಲ್ಲಿ ಅವರು ಎರಡು ಸಿಂಹಾಸನ ಮಾಡಿ ತಂದೊಪ್ಪಿಸಿದರಂತೆ. ಉಳಿದ ಬಂಗಾರವನ್ನು ಬಚ್ಚಿಟ್ಟುಕೊಳ್ಳದ ಆ ಕೈಯ ನೆನಪಿನಲ್ಲಿ ಹಾಲೆಂಡಿನ ನಗರಗಳಲ್ಲಿಯೂ ಲೋಹ ಕೆಲಸದವರು ತಮ್ಮ ಸಂಘಗಳಿಗೆ ಅವರ ಹೆಸರನ್ನೇ ಇಟ್ಟುಕೊಂಡಿದ್ದರು.

ಈ ಸಂಘಗಳು ಬರೀ ಹಬ್ಬ ಮಾಡಿ ಸುಮ್ಮನಾಗಲಿಲ್ಲ. ಪ್ರತಿ ಪಾತ್ರೆಯನ್ನೂ ಪರೀಕ್ಷೆಗೆ ಒಪ್ಪಿಸಬೇಕು. ಪರೀಕ್ಷಕರು ತಳದಿಂದ ಒಂದು ಚೂರು ಲೋಹ ಕೆರೆದು ನೋಡುತ್ತಿದ್ದರು. ಆ ಕೆರೆದ ಅಂಕುಡೊಂಕು ಗೆರೆ ಇಂದಿಗೂ ಹಳೆಯ ಡಚ್ ಪಾತ್ರೆಗಳ ಅಡಿಯಲ್ಲಿ ಕಾಣುತ್ತದೆ. ಪರೀಕ್ಷೆಯಲ್ಲಿ ಗೆದ್ದರೆ ಮುದ್ರೆಗಳು ಬೀಳುತ್ತಿದ್ದವು. ಮೊದಲನೆಯದು ಮಾಡಿದವನ ಗುರುತು. ಎರಡನೆಯದು ಊರಿನ ಗುರುತು: ಆಮ್‌ಸ್ಟರ್‌ಡ್ಯಾಮಿಗೆ ಕಿರೀಟದಡಿ ಮೂರು ಶಿಲುಬೆ, ಹೇಗ್ ನಗರಕ್ಕೆ ಕೊಕ್ಕರೆ, ಲೈಡನ್ನಿಗೆ ಅಡ್ಡಲಾಗಿಟ್ಟ ಎರಡು ಬೀಗದಕೈಗಳು. ಆ ಬೀಗದಕೈಗಳು ಸಂತ ಪೇತ್ರರವು. ಊರು ಕಥೋಲಿಕ ಪೂಜೆಯನ್ನು ನಿಷೇಧಿಸಿದ ಮೇಲೂ ಪೇತ್ರರ ಬೀಗದಕೈ ಮಾತ್ರ ಪ್ರತಿ ಚಮಚದ ಮೇಲೂ ಬೀಳುತ್ತಲೇ ಇತ್ತು. ಮೂರನೆಯದು ಒಂದು ಅಕ್ಷರ. ಅದು ವರ್ಷವನ್ನು ಹೇಳುತ್ತದೆ. ತಪ್ಪು ಬೆಳ್ಳಿ ಹೊರಬಿದ್ದರೆ ಯಾವ ವರ್ಷದ ಪರೀಕ್ಷಕ ಹೊಣೆ ಎಂಬುದು ಆ ಅಕ್ಷರದಿಂದಲೇ ತಿಳಿಯುತ್ತಿತ್ತು. 1663ರಿಂದ ಹಾಲೆಂಡ್ ಪ್ರಾಂತ್ಯದಲ್ಲಿ ಕಿರೀಟ ಧರಿಸಿದ ಸಿಂಹವೂ ಸೇರಿತು. ಸಾವಿರ ಪಾಲಿನಲ್ಲಿ 934 ಪಾಲು ಬೆಳ್ಳಿ ಇದೆ ಎಂಬುದಕ್ಕೆ ಅದು ಸಾಕ್ಷಿ. ಇಂಗ್ಲೆಂಡಿನ ಪ್ರಸಿದ್ಧ ಸ್ಟರ್ಲಿಂಗ್ ಬೆಳ್ಳಿಯಲ್ಲಿ 925 ಪಾಲು.

ಯಾರು, ಎಲ್ಲಿ, ಯಾವಾಗ, ಎಷ್ಟು ಪ್ರಾಮಾಣಿಕವಾಗಿ? ಈ ನಾಲ್ಕು ಪ್ರಶ್ನೆಗಳಿಗೆ ಪಾತ್ರೆಯೇ ತನ್ನ ಅಡಿಯಲ್ಲಿ ಉತ್ತರ ಹೊತ್ತಿತ್ತು. ನಮ್ಮ ಕೆಲಸಗಳ ಅಡಿಯಲ್ಲಿಯೂ ಇಂಥ ಮುದ್ರೆ ಹಾಕಬೇಕೆಂದರೆ ನಮ್ಮಲ್ಲಿ ಎಷ್ಟು ಮಂದಿ ಒಪ್ಪಿಯೇವು?

ತಮ್ಮನ ನೆನಪಿನ ಹೂಜಿ

ಆ ಕಾಲದ ಬೆಳ್ಳಿ ಕೆಲಸದ ಶಿಖರ ಎಂದು ಎಲ್ಲರೂ ಒಪ್ಪುವುದು ಒಂದು ಹೂಜಿಯನ್ನು. ಉಟ್ರೆಕ್ಟ್ ನಗರದಲ್ಲಿ ಆದಾಮ್ ಮತ್ತು ಪೌಲುಸ್ ಫಾನ್ ಫಿಯಾನೆನ್ ಎಂಬ ಅಣ್ಣತಮ್ಮಂದಿರಿದ್ದರು. ಅಣ್ಣ ಊರಲ್ಲೇ ಉಳಿದನು. ತಮ್ಮ ಪ್ರಾಗ್ ನಗರಕ್ಕೆ ಹೋಗಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನದಲ್ಲಿ ಹೆಸರು ಮಾಡಿದನು. 1613ರಲ್ಲಿ ಪೌಲುಸ್ ಅಲ್ಲಿಯೇ ತೀರಿಕೊಂಡನು. ಮರುವರ್ಷ, 1614ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅಕ್ಕಸಾಲಿಗರ ಸಂಘ ಅವನ ನೆನಪಿಗಾಗಿ ಒಂದು ಪಾತ್ರೆ ಮಾಡಿಸಿತು. ಕೆಲಸವನ್ನು ಒಪ್ಪಿಸಿದ್ದು ಅಣ್ಣನಿಗೆ. ಸತ್ತವನು ತಮ್ಮ ಊರಿನವನಲ್ಲ, ಮಾಡುವವನೂ ತಮ್ಮ ಊರಿನವನಲ್ಲ. ಆದರೂ ಒಂದು ಊರಿನ ಕಸುಬುದಾರರು ಇನ್ನೊಂದು ಊರಿನ ಕಸುಬುದಾರನಿಗೆ ಸಲ್ಲಿಸಿದ ಗೌರವ ಅದು.

ಆದಾಮ್ ಬೆಳ್ಳಿಯ ಒಂದೇ ತಗಡನ್ನು ತೆಗೆದುಕೊಂಡನು. ಸುತ್ತಿಗೆಯಿಂದ ಬಡಿದಂತೆಲ್ಲ ಬೆಳ್ಳಿ ಗಟ್ಟಿಯಾಗಿ ಬಿರುಕು ಬಿಡಲು ನೋಡುತ್ತದೆ. ಆಗ ಬೆಂಕಿಯಲ್ಲಿ ಕಾಯಿಸಿ ಮೆದುಗೊಳಿಸಬೇಕು, ಮತ್ತೆ ಬಡಿಯಬೇಕು. ಹೀಗೆ ಎಷ್ಟೋ ಸಲ. ಕೊನೆಗೆ ಎದ್ದು ನಿಂತ ಹೂಜಿ ಅಲೆಯೋ, ಶಂಖವೋ, ಕಿವಿಯ ಹಾಲೆಯೋ ಎಂದು ಹೇಳಲಾಗದಂತೆ ಹರಿಯುವ ಆಕಾರದ್ದು. ಮಾಂಸದಂತೆ ಮೃದುವಾಗಿ ಕಾಣುವ ಈ ಶೈಲಿಗೆ ಡಚ್ಚರು ‘ಕ್ವಾಬ್’ ಎನ್ನುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಯೋಹಾನ್ನೆಸ್ ಲುಟ್ಮಾ ಇದೇ ಶೈಲಿಯನ್ನು ಮುಂದುವರಿಸಿದನು. 1656ರಲ್ಲಿ ರೆಂಬ್ರಾಂಟ್ ಮಾಡಿದ ಲುಟ್ಮಾನ ಅಚ್ಚುಚಿತ್ರದಲ್ಲಿ ಮುದುಕನ ಪಕ್ಕದ ಮೇಜಿನ ಮೇಲೆ ಸುತ್ತಿಗೆ, ಉಳಿಗಳು ಮತ್ತು ಒಂದು ಬೆಳ್ಳಿ ತಟ್ಟೆ ಇವೆ.

ಚಿತ್ರಕಾರರಿಗೂ ಬೆಳ್ಳಿ ಎಂದರೆ ಪ್ರೀತಿ. ವಿಲ್ಲೆಮ್ ಹೇಡಾ, ವಿಲ್ಲೆಮ್ ಕಾಲ್ಫ್ ಮೊದಲಾದವರ ಚಿತ್ರಗಳಲ್ಲಿ ಅರ್ಧ ಸುಲಿದ ನಿಂಬೆಹಣ್ಣಿನ ಪಕ್ಕದಲ್ಲಿ ಬೆಳ್ಳಿ ತಟ್ಟೆಗಳು ಹೊಳೆಯುತ್ತವೆ. ಈಗ ಕಣ್ಮರೆಯಾಗಿರುವ ಎಷ್ಟೋ ಬಗೆಯ ಪಾತ್ರೆಗಳು ಹೇಗಿದ್ದವು ಎಂಬುದು ಆ ಚಿತ್ರಗಳಿಂದಲೇ ನಮಗೆ ಗೊತ್ತು.

ಬಲಿಪೀಠದ ಬೆಳ್ಳಿ

1566ರ ಮೂರ್ತಿಭಂಜನೆಯ ಗಲಭೆಯಲ್ಲಿಯೂ ಮುಂದಿನ ಯುದ್ಧದ ವರ್ಷಗಳಲ್ಲಿಯೂ ಹಾಲೆಂಡಿನ ದೇವಾಲಯಗಳ ಬೆಳ್ಳಿ ಬಂಗಾರಗಳ ದೊಡ್ಡ ಪಾಲು ಕುಲುಮೆ ಸೇರಿತು. 1578ರ ಮೇ 26ರಂದು ಆಮ್‌ಸ್ಟರ್‌ಡ್ಯಾಮಿನ ಆಡಳಿತ ಕಥೋಲಿಕರ ಕೈತಪ್ಪಿತು. ಪೂಜಾಪಾತ್ರೆಗಳ ಜಾಗಕ್ಕೆ ಸುಧಾರಿತ ಸಭೆಯವರ ಎತ್ತರದ ಲೋಟಗಳು ಬಂದವು. ಅವರು ಮೇಜಿನ ಸುತ್ತ ಕೂತು ಒಬ್ಬರಿಂದೊಬ್ಬರಿಗೆ ಲೋಟ ದಾಟಿಸಿ ದ್ರಾಕ್ಷಾರಸ ಕುಡಿಯುತ್ತಿದ್ದರು. ಆ ಲೋಟಗಳು ಮನೆಯ ಮೇಜಿನ ಲೋಟಗಳ ಆಕಾರದವೇ.

ಕಥೋಲಿಕರು ಎಲ್ಲಿಗೆ ಹೋದರು? ಅಟ್ಟಕ್ಕೆ. ಯಾನ್ ಹಾರ್ಟ್‌ಮನ್ ಎಂಬ ಕಥೋಲಿಕ ವ್ಯಾಪಾರಿ 1661ರಲ್ಲಿ ಮನೆ ಕೊಂಡು, 1663ರ ಹೊತ್ತಿಗೆ ಒಂದರ ಹಿಂದೊಂದಿದ್ದ ಮೂರು ಮನೆಗಳ ಅಟ್ಟಗಳನ್ನು ಸೇರಿಸಿ ಒಂದು ದೇವಾಲಯ ಕಟ್ಟಿಸಿದನು. ಬೀದಿಯಿಂದ ನೋಡಿದರೆ ಅದು ಬರೀ ಮನೆ. ಅಧಿಕಾರಿಗಳಿಗೆ ಗೊತ್ತಿತ್ತು, ಹಣ ತೆಗೆದುಕೊಂಡು ಸುಮ್ಮನಿದ್ದರು. ಇಂಥ ಗುಪ್ತ ದೇವಾಲಯಗಳಿಗಾಗಿ ಅದೇ ನಗರದ ಅಕ್ಕಸಾಲಿಗರು ಪೂಜಾಪಾತ್ರೆಗಳನ್ನು, ಪರಮಪ್ರಸಾದದ ಆರಾಧನೆಗೆ ಕಿರಣಗಳುಳ್ಳ ಪಾತ್ರೆಗಳನ್ನು ಮಾಡಿಕೊಟ್ಟರು. 1887ರಲ್ಲಿ ದೊಡ್ಡ ಸಂತ ನಿಕೋಲಾಸರ ದೇವಾಲಯ ಎದ್ದು ನಿಂತ ಮೇಲೆ ಅಟ್ಟದ ದೇವಾಲಯದ ಅಗತ್ಯ ಮುಗಿಯಿತು. ಅದನ್ನು ಕೆಡವಲು ಬಿಡದೆ ಕೆಲವು ಕಥೋಲಿಕರು ಸೇರಿ ಕೊಂಡು, 1888ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ‘ಅಟ್ಟದ ಮೇಲಿನ ನಮ್ಮ ಪ್ರಭು’ ಎಂಬ ಹೆಸರಿನ ಆ ತಾಣದಲ್ಲಿ ಆ ಕಾಲದ ಬೆಳ್ಳಿಯನ್ನು ಈಗಲೂ ನೋಡಬಹುದು.

1663 ಎಂಬ ಒಂದೇ ವರ್ಷವನ್ನು ಇಲ್ಲಿ ನಿಂತು ನೋಡೋಣ. ಆ ವರ್ಷ ಹಾಲೆಂಡಿನಲ್ಲಿ ಶುದ್ಧ ಬೆಳ್ಳಿಗೆ ಸಿಂಹದ ಮುದ್ರೆ ಬಂತು. ಅದೇ ವರ್ಷ ಅಟ್ಟದ ದೇವಾಲಯ ಸಿದ್ಧವಾಯಿತು. ಅದೇ ವರ್ಷದ ಜನವರಿಯಲ್ಲಿ ಡಚ್ಚರು ನಮ್ಮ ಪಶ್ಚಿಮ ತೀರದ ಕೊಚ್ಚಿಯನ್ನು ಪೋರ್ಚುಗೀಸರಿಂದ ಗೆದ್ದು, ಅಲ್ಲಿನ ಕಥೋಲಿಕ ದೇವಾಲಯಗಳನ್ನು ಕೆಡವಿದರು ಅಥವಾ ಬೇರೆ ಕೆಲಸಕ್ಕೆ ಬಳಸಿದರು. ಸಂತ ಫ್ರಾನ್ಸಿಸರ ದೇವಾಲಯ ಮಾತ್ರ ಅವರ ಸ್ವಂತ ಪ್ರಾರ್ಥನಾಲಯವಾಗಿ ಉಳಿಯಿತು. ಚಮಚದಲ್ಲಿ ಅಷ್ಟೊಂದು ಪ್ರಾಮಾಣಿಕತೆ, ನೆರೆಯವನ ನಂಬಿಕೆಯ ವಿಷಯದಲ್ಲಿ ಇಷ್ಟು ಕಠೋರತೆ. ಕೊಚ್ಚಿಯಲ್ಲಿ ಪೋರ್ಚುಗೀಸರ ನಡತೆಯನ್ನು ಬಲ್ಲ ನಾವು ಕಥೋಲಿಕರು ಈ ವಿಷಯದಲ್ಲಿ ಬೇರೆಯವರತ್ತ ಮಾತ್ರ ಬೆರಳು ತೋರಿಸುವಂತಿಲ್ಲ.

ಕರಗಿದ ಕಾಲ

1795ರಲ್ಲಿ ಫ್ರೆಂಚ್ ಸೈನ್ಯದ ಬೆಂಬಲದಿಂದ ಹೊಸ ಗಣರಾಜ್ಯ ಬಂತು. ಅದಕ್ಕೆ ಹಣ ಬೇಕಿತ್ತು. ನಾಗರಿಕರು ತಮ್ಮ ಬೆಳ್ಳಿ ಬಂಗಾರಗಳನ್ನು ಟಂಕಸಾಲೆಗೆ ಒಪ್ಪಿಸಬೇಕಾಯಿತು. 1798ರ ಸಂವಿಧಾನ ಕಸುಬುದಾರರ ಸಂಘಗಳನ್ನೇ ರದ್ದು ಮಾಡಿತು. ತಲೆಮಾರುಗಳಿಂದ ಕೂಡಿಟ್ಟ ಸಂಘಗಳ ಪಾತ್ರೆಗಳು ಹರಾಜಾದವು, ಕರಗಿದವು. ಬರೀ ಯುದ್ಧವಲ್ಲ, ಫ್ಯಾಷನ್ ಕೂಡ ಕುಲುಮೆಯ ಗೆಳೆಯ. ಅಜ್ಜನ ಕಾಲದ ಪಾತ್ರೆ ಕೊಟ್ಟು, ಅದೇ ಬೆಳ್ಳಿಯಲ್ಲಿ ಹೊಸ ನಮೂನೆ ಮಾಡಿಸಿಕೊಂಡ ಮನೆಗಳು ಲೆಕ್ಕವಿಲ್ಲದಷ್ಟು.

ಹಾಗಾದರೆ ಉಳಿದದ್ದು ಯಾವುದು? ಹೆಚ್ಚು ತೂಗುತ್ತಿದ್ದದ್ದು ಮೊದಲು ಹೋಯಿತು. ಹಗುರವಾದ ಚಮಚ, ಅಜ್ಜಿಯ ಹೆಸರಿದ್ದ ಬಟ್ಟಲು, ಸಭೆಯ ಲೋಟ ಎಷ್ಟೋ ಕಡೆ ಉಳಿದವು. ಅವನ್ನು ಕುಲುಮೆಗೆ ಹಾಕಲು ಹೊರಟ ಕೈ ಹೆಸರನ್ನು ಓದಿ ನಿಂತಿರಬೇಕು. ಪೌಲುಸನ ನೆನಪಿನ ಹೂಜಿಯೂ ಹೀಗೆಯೇ ಪಾರಾಗಿ, 1976ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಸೇರಿತು.

ಸಂಗ್ರಹಿಸುವವರು ಬಂದರು

19ನೇ ಶತಮಾನದಲ್ಲಿ ಜನರಿಗೆ ಹಳೆಯದರ ಮೇಲೆ ಹೊಸ ಪ್ರೀತಿ ಹುಟ್ಟಿತು. 1877ರಲ್ಲಿ ಫ್ರೀಸ್‌ಲ್ಯಾಂಡಿನ ಲೇವಾರ್ಡೆನ್ ನಗರದಲ್ಲಿ ದೊಡ್ಡ ಐತಿಹಾಸಿಕ ಪ್ರದರ್ಶನ ನಡೆಯಿತು. ಅದರ ಫಲವಾಗಿ 1881ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ರೈಕ್ಸ್‌ಮ್ಯೂಸಿಯಮಿನ ಇಂದಿನ ಕಟ್ಟಡ ಬಾಗಿಲು ತೆರೆದದ್ದು 1885ರಲ್ಲಿ. ಅದನ್ನು ಕಟ್ಟಿದ ಪೀಟರ್ ಕೌಪರ್ಸ್ ಕಥೋಲಿಕರು, ಎಷ್ಟೋ ದೇವಾಲಯಗಳ ಶಿಲ್ಪಿ.

ಕೊಳ್ಳುವವರು ಹೆಚ್ಚಾದರೆ ನಕಲಿ ಮಾಡುವವರೂ ಹುಟ್ಟುತ್ತಾರೆ. ಬೆಳ್ಳಿಯ ಊರೆಂದೇ ಹೆಸರಾದ ಸ್ಖೋನ್‌ಹೋವೆನ್ ಮತ್ತು ಇತರ ಕಡೆಗಳ ಕಾರ್ಖಾನೆಗಳು ಹಳೆಯ ನಮೂನೆಯ ಚಮಚ, ಗಾಳಿಗಿರಣಿ, ಪೆಟ್ಟಿಗೆಗಳನ್ನು ರಾಶಿ ರಾಶಿಯಾಗಿ ಮಾಡಿ ಪ್ರವಾಸಿಗರಿಗೆ ಮಾರಿದವು. ಅವುಗಳಲ್ಲಿ ಹಲವಕ್ಕೆ 17ನೇ ಶತಮಾನದ ಮುದ್ರೆಗಳನ್ನು ಹೋಲುವ ಹುಸಿ ಮುದ್ರೆಗಳು. ಇಂಗ್ಲೆಂಡಿಗೂ ಅವು ಬಹಳ ಹೋದವು. ಅಲ್ಲಿನ ಸರ್ಕಾರ 1867ರಿಂದ 1904ರವರೆಗೆ ಪರದೇಶದ ಬೆಳ್ಳಿಯ ಮೇಲೆ ‘ಎಫ್’ ಅಕ್ಷರ ಒತ್ತುತ್ತಿತ್ತು. ಹಾಲೆಂಡಿನಲ್ಲಿಯೇ 1814ರಿಂದ ಹೊಸ ಕಾನೂನಿತ್ತು: 934ರ ಬೆಳ್ಳಿಗೆ 1 ಎಂಬ ಅಂಕಿಯಿರುವ ಸಿಂಹ, 833ರ ಬೆಳ್ಳಿಗೆ 2 ಎಂಬ ಅಂಕಿಯಿರುವ ಸಿಂಹ, ಸಣ್ಣ ಸಾಮಾನುಗಳಿಗೆ ಪುಟ್ಟ ಕತ್ತಿ. ಆದ್ದರಿಂದ 1690ರದೆಂದು ಹೇಳುವ ಚಮಚದ ಮೂಲೆಯಲ್ಲಿ ಪುಟ್ಟ ಕತ್ತಿ ಕಂಡರೆ ಜಾಣ ಸಂಗ್ರಹಕಾರ ಅದನ್ನು ಕೆಳಗಿಡುತ್ತಾನೆ. ಸುಳ್ಳು ಮುದ್ರೆಯ ಪಕ್ಕದಲ್ಲೇ ಸತ್ಯದ ಮುದ್ರೆಯೂ ಇರುತ್ತಿತ್ತು, ನೋಡುವ ಕಣ್ಣು ಬೇಕಿತ್ತು ಅಷ್ಟೇ.

ಆ ಕಣ್ಣನ್ನು ಕೊಟ್ಟವರಲ್ಲಿ ಎಲಿಯಾಸ್ ವೂಟ್ ಪ್ರಮುಖರು. ಹಳೆಯ ದಾಖಲೆಗಳಲ್ಲಿ ಕೂತು, ಯಾವ ಗುರುತು ಯಾವ ಅಕ್ಕಸಾಲಿಗನದು ಎಂದು ಒಂದೊಂದಾಗಿ ಹುಡುಕಿದರು. 1912ರಲ್ಲಿ ಆಮ್‌ಸ್ಟರ್‌ಡ್ಯಾಮಿನ, 1928ರಲ್ಲಿ ಹಾರ್ಲೆಮಿನ, 1932ರಲ್ಲಿ ಫ್ರೀಸ್‌ಲ್ಯಾಂಡಿನ ಪಟ್ಟಿಗಳನ್ನು ಅವರು ಪ್ರಕಟಿಸಿದರು. 1952ರಿಂದ 1961ರ ನಡುವೆ ಫ್ರೆಡರಿಕ್ಸ್ ಎಂಬವರು ಡಚ್ ಬೆಳ್ಳಿಯ ಬಗ್ಗೆ ನಾಲ್ಕು ಸಂಪುಟಗಳನ್ನು ಹೊರತಂದರು. ಇವರ ಶ್ರಮದಿಂದ, ಬರೀ ಹೂವಿನ ಅಥವಾ ಹಕ್ಕಿಯ ಗುರುತಾಗಿ ಉಳಿದಿದ್ದ ನೂರಾರು ಕಸುಬುದಾರರಿಗೆ ಮತ್ತೆ ಹೆಸರು ಬಂತು.

1942: ನಾಲ್ಕು ಸಾಮಾನು

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. 1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಹಾಲೆಂಡನ್ನು ಆಕ್ರಮಿಸಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಲಿಪ್‌ಮನ್ ರೋಸೆಂತಾಲ್ ಎಂಬ ಗೌರವಾನ್ವಿತ ಯೆಹೂದ್ಯ ಬ್ಯಾಂಕೊಂದಿತ್ತು. ಆಕ್ರಮಣಕಾರರು ಅದೇ ಹೆಸರಿನಲ್ಲಿ ಸಾರ್ಫಾತಿ ಬೀದಿಯಲ್ಲಿ ಒಂದು ಶಾಖೆ ತೆರೆದರು. ಅದು ನಿಜವಾಗಿ ಬ್ಯಾಂಕ್ ಅಲ್ಲ, ಲೂಟಿಯ ಕಚೇರಿ. 1941ರ ಆಗಸ್ಟಿನಲ್ಲಿ ಯೆಹೂದ್ಯರು ತಮ್ಮ ಹಣವನ್ನು, 1942ರ ಮೇ 21ರ ಆಜ್ಞೆಯ ಪ್ರಕಾರ ಬೆಳ್ಳಿ, ಬಂಗಾರ, ಒಡವೆ, ಕಲಾವಸ್ತುಗಳನ್ನು ಅಲ್ಲಿ ಒಪ್ಪಿಸಬೇಕಾಯಿತು. ಏನನ್ನು ಇಟ್ಟುಕೊಳ್ಳಬಹುದು ಎಂದೂ ಆಜ್ಞೆ ಹೇಳಿತು: ಮದುವೆಯ ಉಂಗುರ, ಬಾಯಲ್ಲಿರುವ ಚಿನ್ನದ ಹಲ್ಲು, ಬಳಸುತ್ತಿರುವ ಬೆಳ್ಳಿಯ ಗಡಿಯಾರ, ಮತ್ತು ತಲೆಗೆ ನಾಲ್ಕು ಬೆಳ್ಳಿ ಸಾಮಾನು. ಒಂದು ಚಾಕು, ಒಂದು ಫೋರ್ಕ್, ಒಂದು ಚಮಚ, ಒಂದು ಸಣ್ಣ ಚಮಚ.

ಉಳಿದದ್ದೆಲ್ಲ ಮತ್ತೆ ತಕ್ಕಡಿಗೆ ಹೋಯಿತು. ಹುಟ್ಟಿದ ಚಮಚ, ಮದುವೆಯ ಬಟ್ಟಲು, ಸಬ್ಬತ್ ದಿನದ ಲೋಟ ಎಲ್ಲವೂ ಬರೀ ಬೆಳ್ಳಿಯಾದವು. ಬೆಲೆಬಾಳುವ ಹಳೆಯವು ಮಾರಾಟಕ್ಕೆ, ಉಳಿದವು ಕರಗಿಸಲು. ವಸ್ತುವಿನ ಹೆಸರನ್ನು ಅಳಿಸಿದವರು ಮನುಷ್ಯರ ಹೆಸರನ್ನೂ ಅಳಿಸಲು ಹೊರಟಿದ್ದರು. ನೆದರ್ಲ್ಯಾಂಡ್ಸಿನಿಂದ ಸಾಗಿಸಿ ಕೊಲ್ಲಲಾದವರು 1,02,000ಕ್ಕೂ ಹೆಚ್ಚು ಮಂದಿ. ಅದೇ ಬೇಸಿಗೆಯ ಜುಲೈ 26ರಂದು ಧರ್ಮಾಧ್ಯಕ್ಷರ ಪ್ರತಿಭಟನೆಯ ಪತ್ರವನ್ನು ಕಥೋಲಿಕ ದೇವಾಲಯಗಳಲ್ಲಿ ಓದಲಾಯಿತು. ಸೇಡಿಗಾಗಿ ಆಗಸ್ಟ್ 2ರಂದು ಯೆಹೂದ್ಯ ಮೂಲದ ಕಥೋಲಿಕರನ್ನು ಬಂಧಿಸಲಾಯಿತು. ಎಕ್ಟ್ ಎಂಬ ಊರಿನ ಕಾರ್ಮೆಲ್ ಮಠದಲ್ಲಿದ್ದ ಎಡಿತ್ ಸ್ಟೈನ್, ಅಂದರೆ ನಾವು ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ ಎಂದು ಗೌರವಿಸುವವರು, ಅವರಲ್ಲಿ ಒಬ್ಬರು.

ಹಾರ್ಲೆಮಿನ ಹತ್ತಿರದ ಹೇಮ್‌ಸ್ಟೇಡೆಯಲ್ಲಿ ಫ್ರಿಟ್ಸ್ ಗುಟ್‌ಮನ್ ಮತ್ತು ಅವರ ಪತ್ನಿ ಲೂಯಿಸ್ ವಾಸವಿದ್ದರು. ಯೆಹೂದ್ಯ ಮೂಲದ ಮನೆತನ. ಫ್ರಿಟ್ಸ್ ಅವರ ತಂದೆ ಕೂಡಿಸಿದ್ದ, ಹೆಚ್ಚಾಗಿ ಜರ್ಮನ್ ಕುಶಲಕರ್ಮಿಗಳು ಮಾಡಿದ್ದ, ಪ್ರಸಿದ್ಧ ಬೆಳ್ಳಿ ಸಂಗ್ರಹ ಅವರ ಉಸ್ತುವಾರಿಯಲ್ಲಿತ್ತು. 1943ರಲ್ಲಿ ದಂಪತಿಗಳನ್ನು ತೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಲಾಯಿತು. ಸಂಗ್ರಹವನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಲು ಫ್ರಿಟ್ಸ್ ಒಪ್ಪಲಿಲ್ಲ. ಅದು ತನ್ನೊಬ್ಬನದಲ್ಲ, ಇಡೀ ಕುಟುಂಬದ್ದು. 1944ರಲ್ಲಿ ಅವರನ್ನು ಅಲ್ಲಿಯೇ ಕೊಲ್ಲಲಾಯಿತು. ಲೂಯಿಸ್ ಆಷ್ವಿಟ್ಸ್‌ನಲ್ಲಿ ಸತ್ತರು. ಯುದ್ಧ ಮುಗಿದ ಮೇಲೂ ಮಕ್ಕಳು ದಶಕಗಳ ಕಾಲ ಕಚೇರಿಗಳಿಗೆ ಅಲೆಯಬೇಕಾಯಿತು. 2002ರಲ್ಲಿ ಡಚ್ ಸರ್ಕಾರ ತನ್ನ ವಶದಲ್ಲಿದ್ದ ಆ ಮನೆಯ 200ಕ್ಕೂ ಹೆಚ್ಚು ಕಲಾವಸ್ತುಗಳನ್ನು ವಾರಸುದಾರರಿಗೆ ಮರಳಿಸಿತು.

ಈಗ ಹಾಲೆಂಡಿನ ವಸ್ತುಸಂಗ್ರಹಾಲಯಗಳು ತಮ್ಮ ಕಪಾಟುಗಳನ್ನು ಮತ್ತೆ ಪರೀಕ್ಷಿಸುತ್ತಿವೆ. ಯಾರು ಮಾಡಿದರು ಎಂಬ ಪ್ರಶ್ನೆಯ ಜೊತೆಗೆ ‘ಇದು ಯಾರ ಮನೆಯ ಮೇಜಿನಿಂದ ಬಂತು?’ ಎಂದೂ ಕೇಳುತ್ತಿವೆ. ಹಳೆಯ ಪರೀಕ್ಷಕ ಲೋಹದ ಪ್ರಾಮಾಣಿಕತೆಯನ್ನು ನೋಡಿದನು. ಇಂದಿನವರು ಒಡೆತನದ ಪ್ರಾಮಾಣಿಕತೆಯನ್ನು ನೋಡಬೇಕಾಗಿದೆ.

ನಮ್ಮ ಕಪಾಟಿನ ಮುಂದೆ

ಪ್ರಿಯರೇ, ಈ ಕಥೆಯನ್ನು ಓದಿದ ಮೇಲೆ ನಾವು ನಮ್ಮ ದೇವಾಲಯದ ಪೂಜಾವಸ್ತುಗಳ ಕೋಣೆಗೆ ಹೋಗಿ ಹಳೆಯ ಪೂಜಾಪಾತ್ರೆಯೊಂದನ್ನು ಮಗುಚಿ ನೋಡಿದೆವು. ಅಡಿಯಲ್ಲಿ ಸವೆದುಹೋದ ಅಕ್ಷರಗಳು. ಯಾರೋ ತಮ್ಮ ತಾಯಿಯ ನೆನಪಿಗೆ ಕೊಟ್ಟದ್ದು. ಎಷ್ಟೋ ವರ್ಷ ಅದನ್ನು ಬಲಿಪೀಠದ ಮೇಲೆ ಎತ್ತಿ ಹಿಡಿದಿದ್ದೆವು, ಅಡಿಯನ್ನು ಓದಿರಲಿಲ್ಲ. ಆ ಭಾನುವಾರ ಆ ತಾಯಿಯ ಹೆಸರನ್ನು ಹೇಳಿ ಪೂಜೆ ಅರ್ಪಿಸಿದೆವು.

ನಿಮ್ಮ ಮನೆಯಲ್ಲಿಯೂ ಒಂದು ಲೋಟವೋ, ಚಮಚವೋ, ಕುಂಕುಮದ ಬಟ್ಟಲಿನಷ್ಟು ಪುಟ್ಟ ಬೆಳ್ಳಿಯೋ ಇದ್ದರೆ ಹಿರಿಯರು ಇರುವಾಗಲೇ ಕೇಳಿ ಇಡಿ: ಇದು ಯಾರದ್ದು, ಯಾವ ದಿನಕ್ಕೆ ಬಂತು, ಯಾರ ಕೈಯಿಂದ ಯಾರ ಕೈಗೆ ಬಂತು. ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ನಾಳೆ ಕಷ್ಟ ಬಂದು ಮಾರಲೇಬೇಕಾದರೆ ಮಾರಿ, ಅದರಲ್ಲಿ ತಪ್ಪಿಲ್ಲ. ಹಸಿದ ಮಗುವಿಗಿಂತ ಬೆಳ್ಳಿ ದೊಡ್ಡದಲ್ಲ. ಆದರೆ ಚೀಟಿಯನ್ನು ಮಾತ್ರ ತೆಗೆದಿಟ್ಟುಕೊಳ್ಳಿ.